‘ಇಲ್ಲಿ ಹೀಗೇ ನಡೆಯುವುದು’ ಎಂಬ ನೆಪ

(ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನನ್ನು ಸ್ತುತಿಸುತ್ತಾ, ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸ್ವಲಾತ್ ಮತ್ತು ಸಲಾಮ್ ಅರ್ಪಿಸುತ್ತಾ ಮಾತು ಆರಂಭಿಸುತ್ತೇನೆ. ಮೊದಲು ನನಗೆ, ನಂತರ ನಿಮಗೆ ತಖ್ವಾ ಪಾಲಿಸುವಂತೆ ಉಪದೇಶಿಸುತ್ತೇನೆ.

ಕಳೆದ ತಿಂಗಳು ಅಸರ್ ನಮಾಝಿನ ಬಳಿಕ ಓರ್ವ ಯುವಕ ನನ್ನ ಹತ್ತಿರ ಬಂದು ಕುಳಿತ. ಗಲ್ಫಿನಲ್ಲಿ ಲೆಕ್ಕಪತ್ರ ವಿಭಾಗದ ಕೆಲಸ. ರಜೆಯಲ್ಲಿ ಊರಿಗೆ ಬಂದಿದ್ದ. ಅವನ ಕಂಪೆನಿ ಹಲವು ದೇಶಗಳ ಸರಕಾರಿ ಇಲಾಖೆಗಳಿಗೆ ಯಂತ್ರೋಪಕರಣ ಪೂರೈಸುತ್ತದೆ. ಪ್ರತಿ ಟೆಂಡರಿನ ವೇಳೆ ಆ ದೇಶದ ಏಜೆಂಟನಿಗೆ ದೊಡ್ಡ ಮೊತ್ತ ಹೋಗುತ್ತದೆ. ಅದನ್ನು ‘ಸಲಹಾ ಶುಲ್ಕ’ ಎಂದು ಪುಸ್ತಕದಲ್ಲಿ ಬರೆಯುವುದು ಇವನ ಕೆಲಸ. ಸಲಹೆ ಯಾರು ಕೊಟ್ಟರು, ಏನು ಕೊಟ್ಟರು ಎಂಬುದಕ್ಕೆ ಒಂದು ಹಾಳೆಯೂ ಇಲ್ಲ. ಹಣ ಯಾರ ಕೈ ಸೇರುತ್ತದೆಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಧೈರ್ಯ ಮಾಡಿ ಮ್ಯಾನೇಜರನ್ನು ಕೇಳಿದಾಗ ಆತ ನಕ್ಕು ಹೇಳಿದನಂತೆ: ‘ಅದು ಅವರ ದೇಶದ ಸಂಸ್ಕೃತಿ. ಅಲ್ಲಿ ಹೀಗೇ ನಡೆಯುವುದು.’

ಯುವಕ ನನ್ನನ್ನು ಕೇಳಿದ: “ಉಸ್ತಾದರೇ, ಒಂದು ದೇಶದ ಸಂಸ್ಕೃತಿಯೇ ಹಾಗಿದ್ದರೆ ಪಾಪ ಯಾರದು? ನನ್ನ ಸಂಬಳ ಹಲಾಲೇ?”

ಆ ದಿನ ನಾನು ಕೊಟ್ಟ ಉತ್ತರ ಅರ್ಧವಾಗಿತ್ತು. ಇಂದು ಅದನ್ನು ಪೂರ್ಣಗೊಳಿಸುತ್ತೇನೆ. ಈ ಪ್ರಶ್ನೆ ಅವನೊಬ್ಬನದ್ದಲ್ಲ. ಈ ಜಮಾಅತಿನಲ್ಲಿ ಹೊರದೇಶಕ್ಕೆ ಮಕ್ಕಳನ್ನು ಕಳುಹಿಸದ ಮನೆ ಎಷ್ಟಿದೆ?

ಸಹೋದರರೇ, ಮೊದಲು ಹೆಸರುಗಳನ್ನು ನೋಡೋಣ. ಜಗತ್ತಿನಲ್ಲಿ ಲಂಚವನ್ನು ಲಂಚ ಎಂದೇ ಕರೆದು ಕೊಡುವವರು ಕಡಿಮೆ. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಅದು ‘ಕಿಟು ಕಿಡೋಗೊ’, ಅಂದರೆ ಸಣ್ಣದೊಂದು ವಸ್ತು. ಮೆಕ್ಸಿಕೋದಲ್ಲಿ ‘ಮೋರ್ದಿದಾ’, ಅಂದರೆ ಒಂದು ಕಚ್ಚು. ಹಾಂಗ್‌ಕಾಂಗ್‌ನಲ್ಲಿ ಅದು ಚಹಾದ ಹಣವಾಗಿತ್ತು. ಜರ್ಮನಿಯ ಕಂಪೆನಿಗಳ ಲೆಕ್ಕಪುಸ್ತಕದಲ್ಲಿ ‘ಉಪಯುಕ್ತ ಖರ್ಚು’ ಎಂಬ ಅರ್ಥದ ಪದವಿತ್ತು. ನಮ್ಮಲ್ಲಿ ಚಾ-ಪಾನಿ, ಬಕ್ಷೀಸು, ಮಾಮೂಲು.

ಈ ‘ಮಾಮೂಲು’ ಎಂಬ ಪದದ ಬಳಿ ಸ್ವಲ್ಪ ನಿಲ್ಲೋಣ. ಇದು ಅರಬಿಯಿಂದ ಬಂದದ್ದು. ‘ಅಮಲ್’ ಎಂದರೆ ಕರ್ಮ. ಅದೇ ಧಾತುವಿನಿಂದ ‘ಮಅಮೂಲ್’, ಅಂದರೆ ಮಾಡಲ್ಪಡುವುದು, ರೂಢಿಯಲ್ಲಿರುವುದು. ಕನ್ನಡಕ್ಕೆ ಬಂದು ಅದು ವಾಡಿಕೆ ಎಂಬ ಅರ್ಥವನ್ನೂ ಲಂಚ ಎಂಬ ಅರ್ಥವನ್ನೂ ಪಡೆಯಿತು. ತಪ್ಪನ್ನು ದಿನಾಲೂ ಮಾಡಿದರೆ ಅದು ತಪ್ಪೆಂಬ ಭಾವನೆಯೇ ಹೋಗಿ ವಾಡಿಕೆಯಾಗುತ್ತದೆ ಎಂಬುದಕ್ಕೆ ಈ ಒಂದು ಪದವೇ ಸಾಕ್ಷಿ.

ಆದರೆ ಇನ್ನೊಂದನ್ನೂ ಗಮನಿಸಿ. ಎಲ್ಲ ಭಾಷೆಗಳೂ ಇದಕ್ಕೆ ಮುಸುಕು ಹಾಕಿದ ಹೆಸರನ್ನೇ ಕೊಟ್ಟಿವೆ. ಮದುವೆಯ ಉಡುಗೊರೆಯನ್ನು ಎಲ್ಲರ ಮುಂದೆ ಕೊಡುತ್ತೇವೆ. ಅತಿಥಿಗೆ ಬಡಿಸಿದ ಊಟವನ್ನು ಯಾರೂ ಬಚ್ಚಿಡುವುದಿಲ್ಲ. ನಿಜವಾದ ಸಂಸ್ಕೃತಿಗೆ ಬೆಳಕಿನ ಭಯವಿಲ್ಲ. ಯಾವುದನ್ನು ಕೊಡಲು ಮೂರನೆಯವನ ಖಾತೆ ಬೇಕೋ, ಬರೆಯಲು ಸುಳ್ಳು ಹೆಸರು ಬೇಕೋ, ಅದನ್ನು ಒಂದು ದೇಶದ ಸಂಸ್ಕೃತಿ ಎನ್ನುವುದು ಆ ದೇಶದ ಬಡವರಿಗೆ ಮಾಡುವ ಅವಮಾನ. ಅಲ್ಲಿನ ರಿಕ್ಷಾ ಚಾಲಕ, ರೈತ, ದಾದಿ ಯಾರೂ ಅದನ್ನು ತಮ್ಮ ಪರಂಪರೆ ಎಂದು ಹೆಮ್ಮೆಪಡುವುದಿಲ್ಲ. ಅದರ ಬೆಲೆ ತೆರುವವರೇ ಅವರು.

ಹಾಗಾದರೆ ಸಂಸ್ಕೃತಿಗೆ ಇಲ್ಲಿ ಪಾತ್ರವೇ ಇಲ್ಲವೇ? ಇದೆ. ಅದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಹಾಲೆಂಡಿನ ಗೇರ್ಟ್ ಹಾಫ್‌ಸ್ಟೆಡ್ ಎಂಬ ವಿದ್ವಾಂಸರು ಐಬಿಎಂ ಕಂಪೆನಿಯ ಹತ್ತಾರು ದೇಶಗಳ ನೌಕರರಿಂದ ಪಡೆದ ಒಂದು ಲಕ್ಷಕ್ಕೂ ಹೆಚ್ಚು ಉತ್ತರಪತ್ರಗಳನ್ನು ಅಧ್ಯಯನ ಮಾಡಿ 1980ರಲ್ಲಿ ಗ್ರಂಥ ಪ್ರಕಟಿಸಿದರು. ಕಂಪೆನಿ ಒಂದೇ, ಆದರೆ ದೇಶ ಬದಲಾದಂತೆ ಮನೋಭಾವ ಬದಲಾಗುತ್ತದೆ ಎಂಬುದು ಅವರ ನಿಲುವು. ಕೆಲವು ಸಮಾಜಗಳಲ್ಲಿ ಮೇಲಿನವನನ್ನು ಪ್ರಶ್ನಿಸುವುದೇ ಅಪರಾಧ. ಕೆಲವು ಕಡೆ ನಿಯಮಕ್ಕಿಂತ ತನ್ನವರೇ ಮೊದಲು. ಇಂತಹ ಮನೋಭಾವ ಬಲವಾಗಿರುವ ದೇಶಗಳಲ್ಲಿ ಭ್ರಷ್ಟಾಚಾರ ಹೆಚ್ಚು ಕಂಡುಬರುತ್ತದೆಂದು ನಂತರದ ಹಲವು ಅಧ್ಯಯನಗಳು ಹೇಳಿದವು. ಬಡತನ, ದುರ್ಬಲ ನ್ಯಾಯಾಲಯ ಮುಂತಾದ ಕಾರಣಗಳೂ ಜೊತೆಗಿವೆ.

ಇದು ನಮಗೆ ಹೊಸ ಮಾತಲ್ಲ. ಹಿರಿಯರನ್ನು ಗೌರವಿಸುವುದು ನಮ್ಮ ಗುಣ. ಕುಟುಂಬ ಸಂಬಂಧ ಜೋಡಿಸುವುದು ಇಬಾದತ್. ಉಡುಗೊರೆ ಕೊಡುವುದು ಸುನ್ನತ್. ಈ ಮೂರೂ ಮನೆಯೊಳಗೆ ಮುತ್ತಿನಂತಹ ಗುಣಗಳು. ಆದರೆ ಗೌರವವು ಅಧಿಕಾರಿಯ ತಪ್ಪಿಗೆ ಮೌನವಾದರೆ, ಕುಟುಂಬ ಪ್ರೀತಿಯು ಸಾರ್ವಜನಿಕ ಹುದ್ದೆಯನ್ನು ಭಾವಮೈದುನನಿಗೆ ದಾಟಿಸಿದರೆ, ಉಡುಗೊರೆಯು ಟೆಂಡರಿನ ಹಿಂದಿನ ದಿನ ಹೋದರೆ, ಅದೇ ಗುಣ ಅನ್ಯಾಯದ ಬಾಗಿಲಾಗುತ್ತದೆ. ಸಂಸ್ಕೃತಿ ನಮ್ಮನ್ನು ಯಾವ ಕಡೆಗೆ ಎಳೆಯುತ್ತದೆಂದು ತಿಳಿದಿರಬೇಕು. ಎಳೆದಾಗ ಎಡವಲೇಬೇಕೆಂದಿಲ್ಲ.

ಇದಕ್ಕೊಂದು ಉದಾಹರಣೆ ನ್ಯೂಯಾರ್ಕ್ ನಗರದ್ದು. ವಿಶ್ವಸಂಸ್ಥೆಯ ಕಚೇರಿ ಅಲ್ಲಿರುವುದರಿಂದ ಎಲ್ಲ ದೇಶಗಳ ರಾಯಭಾರಿಗಳು ಅಲ್ಲಿರುತ್ತಾರೆ. ಅವರಿಗೆ ಕಾನೂನಿನ ರಕ್ಷಣೆ ಇದ್ದುದರಿಂದ, ಕಾರನ್ನು ಎಲ್ಲೆಂದರಲ್ಲಿ ನಿಲ್ಲಿಸಿ ದಂಡ ಕಟ್ಟದಿದ್ದರೂ ಯಾರೂ ವಸೂಲಿ ಮಾಡುವಂತಿರಲಿಲ್ಲ. 1997ರಿಂದ 2002ರ ವರೆಗೆ ಹೀಗೆ ಪಾವತಿಯಾಗದ ದಂಡದ ಚೀಟಿಗಳು 1,50,000ಕ್ಕೂ ಹೆಚ್ಚು. ಬಾಕಿ ಮೊತ್ತ 1.8 ಕೋಟಿ ಡಾಲರಿಗೂ ಅಧಿಕ. ರೇಮಂಡ್ ಫಿಸ್ಮನ್ ಮತ್ತು ಎಡ್ವರ್ಡ್ ಮಿಗುಯೆಲ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಈ ಪಟ್ಟಿಯನ್ನು ದೇಶವಾರು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದರು. ಭ್ರಷ್ಟಾಚಾರ ಹೆಚ್ಚಿರುವ ದೇಶಗಳಿಂದ ಬಂದವರ ಬಾಕಿ ಸಾಮಾನ್ಯವಾಗಿ ಹೆಚ್ಚಿತ್ತು. ಸ್ವೀಡನ್, ನಾರ್ವೆ, ಜಪಾನ್ ದೇಶಗಳ ಬಾಕಿ ಸೊನ್ನೆ. ಶಿಕ್ಷೆಯ ಭಯವೇ ಇಲ್ಲದ ಜಾಗದಲ್ಲೂ ಮನುಷ್ಯ ತನ್ನ ಊರಿನ ರೂಢಿಯನ್ನು ಹೊತ್ತು ತಂದಿದ್ದ.

‘ನೋಡಿ, ಎಲ್ಲವೂ ಸಂಸ್ಕೃತಿಯೇ’ ಎಂದು ಮ್ಯಾನೇಜರ್ ಹೇಳಬಹುದು. ಆದರೆ ಪಟ್ಟಿಯನ್ನು ಪೂರ್ತಿ ಓದಬೇಕು. ಆ ಪಟ್ಟಿಯ ಮೇಲ್ತುದಿಯಲ್ಲಿದ್ದುದು ಕುವೈತ್. ಒಬ್ಬೊಬ್ಬ ರಾಜತಾಂತ್ರಿಕನ ಹೆಸರಲ್ಲಿ ವರ್ಷಕ್ಕೆ ಸರಾಸರಿ 240ಕ್ಕೂ ಹೆಚ್ಚು ಚೀಟಿ. ಇದನ್ನು ಮಿಂಬರಿನಿಂದ ಹೇಳಲು ನನಗೆ ಸಂಕೋಚವಿಲ್ಲ. ನಮ್ಮವರ ತಪ್ಪನ್ನು ಮುಚ್ಚಿಟ್ಟು ಪ್ರಾಮಾಣಿಕತೆಯ ಉಪದೇಶ ಮಾಡಲಾಗದು. ಅದೇ ಪಟ್ಟಿಯ ಕೆಳತುದಿಯಲ್ಲಿ, ಸ್ವೀಡನ್ ಮತ್ತು ಜಪಾನಿನ ಪಕ್ಕದಲ್ಲಿ, ಒಮಾನ್, ಯುಎಇ ಮತ್ತು ಟರ್ಕಿಯ ಹೆಸರುಗಳಿದ್ದವು. ಅವುಗಳ ಬಾಕಿಯೂ ಸೊನ್ನೆ. ಕುವೈತ್ ಮತ್ತು ಒಮಾನಿನ ಭಾಷೆ ಒಂದೇ, ಧರ್ಮ ಒಂದೇ, ಕಡಲೂ ಒಂದೇ. ಆದರೂ ಒಬ್ಬರು ಒಂದು ತುದಿ, ಇನ್ನೊಬ್ಬರು ಮತ್ತೊಂದು ತುದಿ. ಹಾಗಿದ್ದರೆ ‘ಅರಬರ ಸಂಸ್ಕೃತಿ’, ‘ಪೂರ್ವದವರ ಸಂಸ್ಕೃತಿ’ ಎಂಬ ಮಾತಿಗೆ ಏನರ್ಥ?

ಇನ್ನೂ ಒಂದು ವಿಷಯವಿದೆ. 2002ರ ಕೊನೆಯಲ್ಲಿ ನಿಯಮ ಬದಲಾಯಿತು. ದಂಡ ಕಟ್ಟದಿದ್ದರೆ ರಾಜತಾಂತ್ರಿಕ ನಂಬರ್ ಪ್ಲೇಟನ್ನೇ ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಸಿಕ್ಕಿತು. ಬಾಕಿ ಉಳಿಯುವ ಚೀಟಿಗಳ ಸಂಖ್ಯೆ ಸುಮಾರು 98 ಶೇಕಡಾ ಇಳಿಯಿತು. ಸಾವಿರ ವರ್ಷದ ಸಂಸ್ಕೃತಿ ಒಂದು ನಂಬರ್ ಪ್ಲೇಟಿನ ಭಯಕ್ಕೆ ಬದಲಾಯಿತೇ? ಇಲ್ಲ. ಬದಲಾದದ್ದು ರೂಢಿ. ರೂಢಿ ಬದಲಾಗುತ್ತದೆ.

ಈಗ ‘ಸ್ವಚ್ಛ’ ದೇಶಗಳ ಕಡೆ ತಿರುಗೋಣ. ಜರ್ಮನಿ ಶಿಸ್ತಿಗೆ ಹೆಸರಾದ ದೇಶ. ಅಲ್ಲಿನ ಅಧಿಕಾರಿಗೆ ಲಂಚ ಕೊಡುವುದು ಅಪರಾಧವಾಗಿತ್ತು. ಆದರೆ 1990ರ ದಶಕದ ಕೊನೆಯ ವರೆಗೂ ಹೊರದೇಶದ ಅಧಿಕಾರಿಗೆ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ವಿನಾಯಿತಿ ಪಡೆಯಬಹುದಿತ್ತು! ಮನೆಯಲ್ಲಿ ಹರಾಮ್, ನೆರೆಮನೆಯಲ್ಲಿ ಹಲಾಲ್. ಸೀಮೆನ್ಸ್ ಕಂಪೆನಿಯ ಪ್ರಕರಣ ಹೊರಬಂದಾಗ, 2001ರಿಂದ 2007ರ ನಡುವೆ ಕನಿಷ್ಠ 4,283 ಬಾರಿ, ಒಟ್ಟು ಸುಮಾರು 140 ಕೋಟಿ ಡಾಲರ್ ಲಂಚ ಹಲವು ದೇಶಗಳಿಗೆ ಹೋಗಿತ್ತೆಂದು ಅಮೆರಿಕದ ತನಿಖಾ ಸಂಸ್ಥೆ ಹೇಳಿತು. ಅರ್ಜೆಂಟೀನಾದ ಗುರುತು ಚೀಟಿ ಯೋಜನೆ, ವೆನೆಜುವೆಲಾದ ಮೆಟ್ರೋ ರೈಲು, ಬಾಂಗ್ಲಾದೇಶದ ಮೊಬೈಲ್ ಜಾಲ ಅದರಲ್ಲಿ ಸೇರಿದ್ದವು. 2008ರಲ್ಲಿ ಆ ಕಂಪೆನಿ ಅಮೆರಿಕ ಮತ್ತು ಜರ್ಮನಿಗೆ ಒಟ್ಟು ಸುಮಾರು 160 ಕೋಟಿ ಡಾಲರ್ ದಂಡ ತೆತ್ತಿತು.

ಪಾರ್ಕಿಂಗ್ ಪಟ್ಟಿಯಲ್ಲಿ ಸೊನ್ನೆ ಪಡೆದ ಸ್ವೀಡನ್ನಿನ ಎರಿಕ್ಸನ್ ಕಂಪೆನಿ ಕೂಡಾ ಜಿಬೂಟಿ, ಚೀನಾ, ವಿಯೆಟ್ನಾಂ, ಇಂಡೋನೇಷ್ಯಾ, ಕುವೈತ್ ಮುಂತಾದ ಕಡೆಗಳ ಅವ್ಯವಹಾರಕ್ಕಾಗಿ 2019ರಲ್ಲಿ ಅಮೆರಿಕಕ್ಕೆ 100 ಕೋಟಿ ಡಾಲರಿಗೂ ಹೆಚ್ಚು ದಂಡ ಕಟ್ಟಬೇಕಾಯಿತು. ತೆಗೆದುಕೊಳ್ಳುವವನು ‘ನಮ್ಮಲ್ಲಿ ಹೀಗೇ’ ಎನ್ನುತ್ತಾನೆ. ಕೊಡುವವನು ‘ಅವರಲ್ಲಿ ಹಾಗೇ’ ಎನ್ನುತ್ತಾನೆ. ಇಬ್ಬರೂ ಸಂಸ್ಕೃತಿಯ ಮೇಲೆ ಹೊರೆ ಹೊರಿಸಿ ಕೈ ತೊಳೆದುಕೊಳ್ಳುತ್ತಾರೆ. ಆ ಹಣ ಯಂತ್ರದ ಬೆಲೆಗೆ, ರಸ್ತೆಯ ಬೆಲೆಗೆ, ಮದ್ದಿನ ಬೆಲೆಗೆ ಸೇರಿ ಆ ದೇಶದ ವಿಧವೆಯ, ಅನಾಥನ ತಲೆಯ ಮೇಲೆ ಬೀಳುತ್ತದೆ.

ರೂಢಿ ಬದಲಾಗುವುದಕ್ಕೆ ಹಾಂಗ್‌ಕಾಂಗ್ ಸಾಕ್ಷಿ. ಅಲ್ಲಿ ಒಂದು ಕಾಲದಲ್ಲಿ ಚಹಾದ ಹಣ ಕೊಡದೆ ಆ್ಯಂಬುಲೆನ್ಸ್ ಸಿಬ್ಬಂದಿ ರೋಗಿಯನ್ನು ಎತ್ತುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಒಂದು ಲೋಟ ನೀರಿಗೂ ಆಯಾಗಳ ಕೈ ಬೆಚ್ಚಗೆ ಮಾಡಬೇಕಿತ್ತು. ‘ಚೀನೀಯರ ಪದ್ಧತಿಯೇ ಹೀಗೆ’ ಎಂದು ಆಳುವವರೂ ಹೇಳುತ್ತಿದ್ದರು. 1973ರಲ್ಲಿ ಪೀಟರ್ ಗಾಡ್ಬರ್ ಎಂಬ ಬ್ರಿಟಿಷ್ ಪೊಲೀಸ್ ಅಧಿಕಾರಿ, ಲಕ್ಷಗಟ್ಟಲೆ ಅಕ್ರಮ ಹಣದ ತನಿಖೆಯ ನಡುವೆಯೇ ದೇಶ ಬಿಟ್ಟು ಓಡಿದ. ಆಗ ಜನ ಬೀದಿಗಿಳಿದರು. 1974ರ ಫೆಬ್ರವರಿಯಲ್ಲಿ ಸ್ವತಂತ್ರ ಭ್ರಷ್ಟಾಚಾರ ವಿರೋಧಿ ಆಯೋಗ ಹುಟ್ಟಿತು. ಗಾಡ್ಬರನನ್ನು ಮರಳಿ ತಂದು 1975ರಲ್ಲಿ ಜೈಲಿಗೆ ಕಳುಹಿಸಲಾಯಿತು. 1977ರಲ್ಲಿ ಪೊಲೀಸರೇ ಆಯೋಗದ ವಿರುದ್ಧ ದಂಗೆಯೆದ್ದರು. ಆದರೂ ಆಯೋಗ ಉಳಿಯಿತು. ಶಾಲೆಗಳಲ್ಲಿ, ಮೊಹಲ್ಲಾಗಳಲ್ಲಿ ಪಾಠ ಹೇಳಿತು. ಒಂದು ತಲೆಮಾರಿನೊಳಗೆ ಅದೇ ಜನ, ಅದೇ ಭಾಷೆ, ಅದೇ ಚಹಾ, ಆದರೆ ಲಂಚ ನಾಚಿಕೆಯ ವಿಷಯವಾಯಿತು.

ಸಹೋದರರೇ, ಪ್ರವಾದಿವರ್ಯರ(ಸ) ಮದೀನಾದತ್ತ ನೋಡೋಣ. ಅಝ್ದ್ ಗೋತ್ರದ ಇಬ್ನುಲ್ಲುತ್ಬಿಯ್ಯ ಎಂಬವರನ್ನು ಝಕಾತ್ ಸಂಗ್ರಹಕ್ಕೆ ಕಳುಹಿಸಲಾಗಿತ್ತು. ಮರಳಿ ಬಂದ ಅವರು ಸೊತ್ತನ್ನು ಎರಡು ಭಾಗ ಮಾಡಿ, ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ ಎಂದರು. ಉಡುಗೊರೆ ಕೊಡುವುದು ಅರಬರ ಹಳೆಯ ಸಂಪ್ರದಾಯ. ಪ್ರವಾದಿವರ್ಯರು(ಸ) ಅದನ್ನು ಗೌರವಿಸಿದವರು, ಸ್ವತಃ ಉಡುಗೊರೆ ಸ್ವೀಕರಿಸಿದವರು. ಆದರೂ ಅಂದು ಮಿಂಬರ್ ಏರಿ ಎಲ್ಲರ ಮುಂದೆ ಕೇಳಿದರು: ಈ ವ್ಯಕ್ತಿ ತನ್ನ ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಅವನನ್ನು ಹುಡುಕಿ ಬರುತ್ತಿತ್ತೇ? ಹದಿನಾಲ್ಕು ಶತಮಾನ ಕಳೆದರೂ ಉಡುಗೊರೆ ಮತ್ತು ಲಂಚವನ್ನು ಬೇರ್ಪಡಿಸಲು ಇದಕ್ಕಿಂತ ಸರಳವಾದ ಅಳತೆಗೋಲು ಇಲ್ಲ. ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್(ರ) ತಮಗೆ ಬಂದ ಉಡುಗೊರೆಯನ್ನು ಹಿಂದಿರುಗಿಸುತ್ತಾ, ಪ್ರವಾದಿಯವರ ಕಾಲದಲ್ಲಿ ಇದು ಉಡುಗೊರೆಯಾಗಿತ್ತು, ಇಂದು ಲಂಚವಾಗಿದೆ ಎಂಬ ಅರ್ಥದ ಮಾತು ಹೇಳಿದ್ದರು. ಹೆಸರು ಹಾಗೇ ಉಳಿದರೂ ವಸ್ತು ಬದಲಾಗಬಹುದೆಂದು ಅವರಿಗೆ ಗೊತ್ತಿತ್ತು.

ಖೈಬರಿನ ಘಟನೆ ಇನ್ನೂ ಹತ್ತಿರದ್ದು. ಅದು ಎರಡು ಸಮುದಾಯಗಳ ನಡುವಿನ ವ್ಯವಹಾರ. ಖೈಬರಿನ ಯಹೂದಿಯರು ತೋಟ ನೋಡಿಕೊಳ್ಳಬೇಕು, ಫಸಲಿನ ಅರ್ಧ ಮದೀನಾಕ್ಕೆ ಕೊಡಬೇಕು ಎಂಬುದು ಒಪ್ಪಂದ. ಖರ್ಜೂರದ ಅಂದಾಜು ಮಾಡಲು ಅಬ್ದುಲ್ಲಾ ಬಿನ್ ರವಾಹ(ರ) ಹೋಗುತ್ತಿದ್ದರು. ಅಂದಾಜು ಕಡಿಮೆ ಮಾಡಲಿ ಎಂದು ಅಲ್ಲಿನವರು ತಮ್ಮ ಸ್ತ್ರೀಯರ ಆಭರಣಗಳನ್ನು ಒಟ್ಟುಮಾಡಿ ಮುಂದಿಟ್ಟರು. ಅವರು ಅದನ್ನು ನಿಷಿದ್ಧ ಗಳಿಕೆಯೆಂದು ನಿರಾಕರಿಸಿದರು. ನಿಮ್ಮ ಬಗ್ಗೆ ನನಗಿರುವ ಅಸಮಾಧಾನ ಕೂಡಾ ನಿಮಗೆ ಅನ್ಯಾಯ ಮಾಡುವಂತೆ ನನ್ನನ್ನು ಪ್ರೇರಿಸದು ಎಂದು ತಿಳಿಸಿದರು. ಆಗ ಆ ಜನರು ಕೋಪಗೊಳ್ಳಲಿಲ್ಲ. ಭೂಮಿ ಆಕಾಶಗಳು ನಿಂತಿರುವುದೇ ಇಂತಹ ನ್ಯಾಯದ ಮೇಲೆ ಎಂದು ಒಪ್ಪಿಕೊಂಡರು. ಧರ್ಮ ಬೇರೆ, ಪದ್ಧತಿ ಬೇರೆ, ಆದರೆ ನ್ಯಾಯ ಕಂಡಾಗ ಇಬ್ಬರಿಗೂ ಅರ್ಥವಾಯಿತು. ಲಂಚ ಕೊಡಲು ಬಂದವನ ಎದೆಯೊಳಗೂ ಅದನ್ನು ನಿರಾಕರಿಸುವವನ ಬಗ್ಗೆ ಗೌರವವಿದೆ.

ದೂರದ ಮಾತು ಸಾಕು, ನಮ್ಮ ಕರಾವಳಿಯನ್ನೇ ನೋಡಿ. 2010ರಲ್ಲಿ ಉತ್ತರ ಕನ್ನಡದ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಮುಟ್ಟುಗೋಲು ಹಾಕಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಕಣ್ಣೆದುರೇ ಹಡಗೇರಿ ಹೋಯಿತು. ಅದಿರು ಅಷ್ಟು ದೂರ ಹೋಗಬೇಕಾದರೆ ಗಣಿಯಿಂದ ಬಂದರಿನ ವರೆಗೆ ಎಷ್ಟು ಕಣ್ಣುಗಳು ಮುಚ್ಚಿರಬೇಕು! 2011ರ ಲೋಕಾಯುಕ್ತ ವರದಿ ಇದನ್ನೆಲ್ಲಾ ಬಿಚ್ಚಿಟ್ಟಿತು. ಆ ಕಣ್ಣು ಮುಚ್ಚಿದವರು ಯಾರೂ ಪರದೇಶದವರಲ್ಲ.

ಇನ್ನು ಆ ಯುವಕನ ಪ್ರಶ್ನೆಗೆ ಬರುತ್ತೇನೆ.

ಮಗೂ, ಪ್ರವಾದಿವರ್ಯರು(ಸ) ಲಂಚ ತೆಗೆದುಕೊಳ್ಳುವವನನ್ನು ಮಾತ್ರವಲ್ಲ, ಕೊಡುವವನನ್ನೂ ಶಪಿಸಿದ್ದಾರೆ. ಇಬ್ಬರ ನಡುವೆ ಓಡಾಡುವವನನ್ನೂ ಸೇರಿಸಿದ ವರದಿಯಿದೆ. ಗೊತ್ತಿದ್ದೂ ಸುಳ್ಳು ಹೆಸರಿನಲ್ಲಿ ಬರೆಯುವ ಲೇಖನಿ ಅದರಿಂದ ದೂರವಿಲ್ಲ. ನೀನು ದಿನವಿಡೀ ಮಾಡುವ ನ್ಯಾಯವಾದ ಕೆಲಸದ ಕೂಲಿ ನಿನ್ನದು. ಆದರೆ ಆ ಒಂದು ಬರಹ ಪಾಪದಲ್ಲಿ ಸಹಕಾರ. ಅದನ್ನು ಬಿಡಬೇಕು. ಮೊದಲು ಮೇಲಿನವರಿಗೆ ಲಿಖಿತವಾಗಿ ತಿಳಿಸು. ನಿನ್ನ ಮ್ಯಾನೇಜರ್ ಹೇಳಿದ ಸಂಸ್ಕೃತಿಯ ನೆಪ ಅವನ ದೇಶದ ಕಾನೂನಿನಲ್ಲೂ ನಿಲ್ಲದಿರಬಹುದು. ಅಮೆರಿಕ 1977ರಲ್ಲೇ ಹೊರದೇಶದ ಅಧಿಕಾರಿಗೆ ಲಂಚ ಕೊಡುವುದನ್ನು ಅಪರಾಧವಾಗಿಸಿತು. 1997ರ ಅಂತಾರಾಷ್ಟ್ರೀಯ ಒಪ್ಪಂದದ ಮೂಲಕ 40ಕ್ಕೂ ಹೆಚ್ಚು ರಾಷ್ಟ್ರಗಳು ಅದೇ ದಾರಿ ಹಿಡಿದಿವೆ. ಆಮೇಲೂ ದಾರಿ ಕಾಣದಿದ್ದರೆ ಬೇರೆ ಕೆಲಸ ಹುಡುಕು. ಅದು ಸುಲಭವಲ್ಲವೆಂದು ನನಗೆ ಗೊತ್ತು. ಮನೆಸಾಲ, ತಂಗಿಯ ಮದುವೆ, ತಂದೆಯ ಔಷಧಿ ಎಲ್ಲವೂ ಕಣ್ಣ ಮುಂದಿರುತ್ತದೆ. ರಿಝ್ಕ್ ಅಲ್ಲಾಹನ ಕೈಯಲ್ಲಿದೆ ಎಂದು ಬಾಯಲ್ಲಿ ಹೇಳುವ ಮಾತು ಪರೀಕ್ಷೆಗೆ ಬರುವುದು ಇಂತಹ ಹೊತ್ತಿನಲ್ಲೇ.

ತನ್ನ ನ್ಯಾಯವಾದ ಹಕ್ಕು ಲಂಚವಿಲ್ಲದೆ ಸಿಗದ ಸ್ಥಿತಿಯ ಬಗ್ಗೆ ಹಲವರು ಕೇಳುತ್ತಾರೆ. ಬೇರೆ ಯಾವ ದಾರಿಯೂ ಇಲ್ಲದೆ, ಇನ್ನೊಬ್ಬರ ಹಕ್ಕು ಕಸಿಯದೆ ಕೊಟ್ಟರೆ ಪಾಪ ತೆಗೆದುಕೊಂಡವನ ಮೇಲೆ ಎಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಆದರೆ ಅದು ತುರ್ತಿನ ಬಾಗಿಲು, ದಿನದ ದಾರಿಯಲ್ಲ. ನಮ್ಮ ದೇಶದ ಕಾನೂನು ಕೂಡಾ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದನ್ನೂ ಅಪರಾಧವೆನ್ನುತ್ತದೆ. ಬಲವಂತದಿಂದ ಕೊಟ್ಟವನು 7 ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ರಕ್ಷಣೆಯಿದೆ. ‘ಬೇಗ ಆಗಲಿ’ ಎಂದು ನಾವಾಗಿಯೇ ನೋಟು ಮಡಚಿಟ್ಟರೆ ಅದು ನಿರ್ಬಂಧವಲ್ಲ, ಆತುರ. ಸರತಿಯಲ್ಲಿ ಹಿಂದೆ ನಿಂತ ಬಡವನ ಹಕ್ಕನ್ನು ನಾವು ಖರೀದಿಸಿದಂತೆ.

ಮನೆಯಲ್ಲಿ ಈ ವರದಿ ಓದುವ ತಾಯಂದಿರಿಗೂ ಒಂದು ಮಾತು. ಗಲ್ಫಿನಿಂದ ಮಗ ತಂದ ಪೆಟ್ಟಿಗೆಯ ತೂಕ ಕೇಳುವ ಮೊದಲು ಅವನ ಮನಸ್ಸಿನ ಭಾರ ಕೇಳಿ. ಅವನು ಕೆಲಸ ಬಿಟ್ಟು ಬಂದರೆ ‘ಎಲ್ಲರೂ ಮಾಡುವುದೇ ತಾನೇ’ ಎಂದು ಹೇಳಬೇಡಿ. ಮಗು ಮನೆಯಲ್ಲಿ ಕೇಳುವ ಈ ಒಂದು ವಾಕ್ಯದಿಂದಲೇ ಒಂದು ದೇಶದ ರೂಢಿ ಹುಟ್ಟುತ್ತದೆ.

ಮಾಮೂಲು ಎಂಬುದು ಅಮಲ್‌ನಿಂದ ಬಂದ ಪದ ಎಂದೆ. ನಾವು ಮಾಡಿದ್ದೇ ಮಾಮೂಲು. ಇಂದು ಒಬ್ಬ ಲೆಕ್ಕಿಗ ಸುಳ್ಳು ಬರೆಯಲು ಒಪ್ಪದಿದ್ದರೆ, ಒಬ್ಬ ವ್ಯಾಪಾರಿ ಟೆಂಡರ್ ಕಳೆದುಕೊಂಡರೂ ಕೈ ಚಾಚದಿದ್ದರೆ, ನಾಳೆ ಅದೂ ಮಾಮೂಲಾಗುತ್ತದೆ. ವಿಚಾರಣೆಯ ದಿನ ಅಲ್ಲಾಹು ನಮ್ಮ ದೇಶದ ಸಂಸ್ಕೃತಿಯ ಲೆಕ್ಕ ನಮ್ಮೊಬ್ಬರಿಂದ ಕೇಳುವುದಿಲ್ಲ. ನಮ್ಮ ಕೈ ಬರೆದದ್ದನ್ನು, ನಮ್ಮ ಕೈ ಪಡೆದದ್ದನ್ನು ಕೇಳುತ್ತಾನೆ.

ಅಲ್ಲಾಹು ನಮ್ಮ ಗಳಿಕೆಯನ್ನು ಶುದ್ಧಗೊಳಿಸಲಿ. ಹೊರದೇಶದಲ್ಲಿ ಒಂಟಿಯಾಗಿ ಪರೀಕ್ಷೆ ಎದುರಿಸುವ ನಮ್ಮ ಮಕ್ಕಳ ಪಾದಗಳನ್ನು ಗಟ್ಟಿಯಾಗಿ ನಿಲ್ಲಿಸಲಿ. ನಾವು ತಿನ್ನುವ ತುತ್ತಿನಲ್ಲಿ ಯಾವ ಬಡವನ ಹಕ್ಕೂ ಸೇರದಂತೆ ಕಾಪಾಡಲಿ. ಆಮೀನ್.